ಹೊಸದರ ಹಾಗಿದ್ದ ಕಾರು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬೀಗದೋರು ಫೋನಿನಲ್ಲಿ ಆಡಿದ್ದು ಮುತ್ತಿನಂಥ ಮಾತೇನೂ ಅಲ್ಲ. ಆದರೂ ಆಡಿ ಆಗಿತ್ತು.

“ಸ್ಟೇಷನ್ನಿಂದ ಬಸ್ಸು ಗಿಸ್ಸು ಅಂತ ಒದ್ದಾಡ್ಬೇಡಿ,” ಎಂದಿದ್ದರು ಅವರು. “ನಮ್ಮ ಕಾರಿದೆಯಲ್ಲ. ಹೊಸದರ ಹಾಗೇ ಇಟ್ಟಿದೀನಿ.”

ಆ ತುದಿಯಲ್ಲಿದ್ದವರು ಲಾಂಡ್ರಿಯಮ್ಮ. ಬೇರೊಂದು ಊರಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ನಡೆಸುವ ಹೆಂಗಸು. ಗಿರಾಕಿಗಳು ಇಟ್ಟ ಹೆಸರೇ ಆಕೆಗೆ ಗಟ್ಟಿಯಾಗಿತ್ತು. ಆಕೆಯ ಮಗ ಬೀಗದೋರ ಮಗಳನ್ನು ಮೆಚ್ಚಿದ್ದ, ಮಗಳೂ ಅವನನ್ನು ಮೆಚ್ಚಿದ್ದಳು. ಇನ್ನು ಉಳಿದದ್ದು ತಾಯಿಯ ಒಪ್ಪಿಗೆ ಒಂದೇ. ತಾನೊಮ್ಮೆ ಹೋಗಿ, ಅವರ ಮನೆಯಲ್ಲಿ ಕೂತು, ನೋಡಿ ಹೇಳುತ್ತೇನೆ ಎಂದು ಆಕೆ ಮಗನಿಗೆ ಹೇಳಿದ್ದರಂತೆ. ಭಾನುವಾರ ಬರುವುದೆಂದು ನಿಶ್ಚಯವಾಗಿತ್ತು.

ಕಾರಿನ ಬಡಾಯಿ ತಲೆಗೇರಿದ ರಭಸದಲ್ಲಿ ಬೀಗದೋರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. “ಬನ್ನಿ ಬೀಗರೇ, ಖಂಡಿತ ಬನ್ನಿ,” ಎಂದರು. ಲಾಂಡ್ರಿಯಮ್ಮ ಒಂದೊಂದೇ ಅಕ್ಷರವನ್ನು ಇಸ್ತ್ರಿ ಮಾಡಿ ಮಡಿಸಿಟ್ಟ ಹಾಗೆ, “ಅದನ್ನ ಆಮೇಲೆ ನೋಡೋಣ, ಬೀಗದೋರೇ,” ಎಂದು ಫೋನಿಟ್ಟರು.

ಕೆಟ್ಟ ಬೀಗ ರಿಪೇರಿ ಮಾಡಿ, ಕಳೆದ ಬೀಗದಕೈಗೆ ಜೋಡಿ ಮಾಡಿಕೊಟ್ಟು ಬದುಕಿದ ಮನುಷ್ಯನನ್ನು ಬೀದಿಗೆ ಬೀದಿಯೇ ಬೀಗದೋರು ಎಂದು ಕರೆಯುತ್ತಿತ್ತು. ಸ್ವಂತ ಹೆಸರು ಅವರಿಗೆ ನೆನಪಾಗುತ್ತಿದ್ದುದು ಸಹಿ ಹಾಕುವಾಗ ಮಾತ್ರ. ಅದರ ಬಗ್ಗೆ ಯಾವತ್ತೂ ಬೇಸರಪಟ್ಟವರಲ್ಲ. ಆದರೆ ಅವತ್ತು, ಬೀಗದೋರು ಬೀಗರಾಗುವುದಕ್ಕೆ ನಡುವೆ ಅಡ್ಡ ನಿಂತಿರುವುದು ಒಂದೇ ಒಂದು ‘ದೋ’ ಎಂಬುದು ಹೊಳೆದು, ಒಂದಕ್ಷರ ಇಷ್ಟು ಭಾರವಾಗಿರುತ್ತದೆಯೇ ಎಂದುಕೊಂಡರು.

ಹಾಗೇ ಮೇಲಿನ ಮನೆಯಿಂದ ಕೆಳಗಿಳಿದು ಬಂದು, ತಮ್ಮ ಅಂಗಡಿಯ ಪಕ್ಕದ ಗೋಡೆಗೆ ಒತ್ತಿ ನಿಲ್ಲಿಸಿದ್ದ ಕಾರನ್ನು ನೋಡಿದರು. ನೋಡಿದರು ಎಂದರೆ ನಿಜವಾಗಿ ನೋಡಿದರು. ದಿನಾ ಓಡಿಸುವ ಕಾರನ್ನು ಯಾರು ನೋಡುತ್ತಾರೆ? ಬಾಗಿಲು ತೆಗೆದು ಒಳಗೆ ಕೂರುತ್ತಾರೆ, ಅಷ್ಟೇ. ಒಳಗೆ ಕೂತವರಿಗೆ ಅವರ ಕಾರಿನಲ್ಲಿ ಏನೂ ಕೊರತೆಯಿರಲಿಲ್ಲ. ಸೀಟು ಚೊಕ್ಕಟ, ಎಂಜಿನ್ನು ಹೇಳಿದ ಮಾತು ಕೇಳುತ್ತಿತ್ತು, ನಾಲ್ಕು ಬಾಗಿಲ ಬೀಗವೂ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ತಿರುಗುತ್ತಿತ್ತು. ಹೊಸದರ ಹಾಗೇ ಎಂದು ಅವರು ಹೇಳಿದ್ದು ಸುಳ್ಳಲ್ಲ. ಒಳಗಿನಿಂದ ನೋಡಿ ಹೇಳಿದ್ದು.

ಹೊರಗಿನ ಕಥೆ ಬೇರೆ. ಹೆಡ್‌ಲೈಟುಗಳು ಹಳೇ ಪತ್ರಿಕೆಯಂತೆ ಹಳದಿಗಟ್ಟಿ, ಒಳಗೆ ಬಲ್ಬು ಇದೆಯೋ ಇಲ್ಲವೋ ತಿಳಿಯದಷ್ಟು ಮಂಕಾಗಿದ್ದವು. ಮುಂದಿನ ಬಂಪರು, ಹಿಂದಿನ ಬಂಪರು, ಬಾಗಿಲುಗಳ ಉದ್ದಕ್ಕೆ ಓಡುವ ಪಟ್ಟಿ, ಕನ್ನಡಿಗಳ ಬೆನ್ನು, ಒಂದು ಕಾಲಕ್ಕೆ ಕಪ್ಪಗಿದ್ದ ಪ್ಲಾಸ್ಟಿಕ್ಕೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು. ಬೆರಳಾಡಿಸಿದರೆ ಸೀಮೆಸುಣ್ಣದಂಥ ಪುಡಿ ಹತ್ತುತ್ತಿತ್ತು. ಹಿಂದಿನ ಬಂಪರಿನ ಮೇಲೆ ಬೀದಿಯ ಯಾವುದೋ ಮಗು ಬೆರಳಿನಿಂದ ಒಂದು ಬೆಕ್ಕಿನ ಚಿತ್ರ ಬರೆದಿತ್ತು. ಚಿತ್ರ ಚೆನ್ನಾಗಿತ್ತು, ಅದು ಬೇರೆ ಮಾತು.

ಬೀಗದೋರು ಹೆದರಿದರು. ಅದಕ್ಕೆ ಕಾರಣ ಕಾರಲ್ಲ. ಲಾಂಡ್ರಿಯಮ್ಮ ಅಂಗಿಯ ಕಾಲರ್ ನೋಡಿ ಮನೆತನ ಹೇಳುತ್ತಾರೆ ಎಂದು ಆಕೆಯ ಮಗನೇ ಒಮ್ಮೆ ನಗುತ್ತ ಹೇಳಿದ್ದ. ಮಗಳು ನಕ್ಕಿದ್ದಳು. ಬೀಗದೋರಿಗೆ ನಗು ಬಂದಿರಲಿಲ್ಲ. ಹೆಂಡತಿ ತೀರಿಕೊಂಡಾಗ ಮಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಂದಿನಿಂದ ಇಂದಿನವರೆಗೆ ಆ ಹುಡುಗಿ ಅಪ್ಪನ ಹತ್ತಿರ ಇದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದೇ ಅಪರೂಪ. ಈಗ ಕೇಳಿದ್ದಳು. ಆ ಹುಡುಗ ಬೇಕು ಎಂದಿದ್ದಳು. ಅದು ತನ್ನ ಕಾರಿನ ಬೂದಿ ಬಣ್ಣದಿಂದ ಕೆಟ್ಟರೆ ಮಗಳ ಮುಖ ನೋಡುವುದು ಹೇಗೆ ಎಂಬುದೇ ಅವರ ಚಿಂತೆ.

ಮೊದಲು ಟೂತ್‌ಪೇಸ್ಟು ಪ್ರಯೋಗವಾಯಿತು. ಹಲ್ಲಿನ ಹಳದಿ ಹೋಗುವುದಾದರೆ ಲೈಟಿನದ್ದೂ ಹೋಗಬೇಕು ಎಂಬುದು ಎದುರಂಗಡಿಯವನ ಸಲಹೆ. ಉಜ್ಜಿ ನೀರು ಹಾಕಿದಾಗ ಫಳಫಳ ಎಂದಿತು. ಒಣಗಿದ ಮೇಲೆ ಮತ್ತೆ ಅದೇ ಮಂಕು, ಜೊತೆಗೆ ಪುದೀನ ವಾಸನೆ.

ಶನಿವಾರ ಮಧ್ಯಾಹ್ನ ಮಗಳು ಕೆಲಸದಿಂದ ಬಂದವಳು ಅಪ್ಪನ ಪಾಡು ನೋಡಿ, ಅಂಗಿಯ ತೋಳು ಮಡಚಿದಳು. ಅವಳದ್ದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಉಜ್ಜುವುದರಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಲೈಟಿನ ಸುತ್ತಲಿನ ಬಣ್ಣಕ್ಕೆ ಗೀರು ಬೀಳದಂತೆ ಟೇಪು ಅಂಟಿಸಿದಳು. ಬಕೆಟ್ಟಿನ ನೀರಿನಲ್ಲಿ ಉಪ್ಪುಕಾಗದ ನೆನೆಹಾಕಿದಳು. ಮೊದಲು ಒರಟಾದದ್ದು, ಆಮೇಲೆ ಅದಕ್ಕಿಂತ ನಯ, ಕೊನೆಗೆ ಮುಟ್ಟಿದರೆ ಕಾಗದವೋ ಬಟ್ಟೆಯೋ ಎನ್ನುವಂಥದ್ದು. ಅಪ್ಪನಿಗೆ ಒಂದು ಕಣ್ಣು, ತನಗೆ ಒಂದು ಕಣ್ಣು ಎಂದು ಹಂಚಿಕೊಂಡಳು.

ಉಜ್ಜುತ್ತ ಹೋದಂತೆ ಹಳದಿ ನೀರು ಇಳಿಯಿತು. ಹಳದಿ ಹೋಗಿ ಲೈಟು ಪೂರಾ ಬೆಳ್ಳಗೆ, ಮೊಸರು ಬಳಿದ ಹಾಗಾದಾಗ ಬೀಗದೋರು ಕೈ ನಿಲ್ಲಿಸಿದರು. ಇದ್ದದ್ದನ್ನೂ ಕೆಡಿಸಿದೆವು ಎಂದರು. ಮಗಳು ತಲೆಯೆತ್ತದೆ, ಗಾಜು ತಿಳಿಯಾಗುವ ಮುಂಚೆ ಯಾವಾಗಲೂ ಇಷ್ಟು ಕುರುಡಾಗುತ್ತದೆ, ಉಜ್ಜುತ್ತಿರಿ ಎಂದಳು.

“ಇದು ಕೊಳೆ ಅಲ್ಲಪ್ಪ,” ಎಂದಳು ಸ್ವಲ್ಪ ಹೊತ್ತಿನ ಮೇಲೆ. “ಹೊಸದರಲ್ಲಿ ಲೈಟಿನ ಮೇಲೆ ಒಂದು ಪೊರೆ ಹಾಕಿರ್ತಾರೆ, ಒಳಗಿನ ಪ್ಲಾಸ್ಟಿಕ್ಕಿಗೆ ಬಿಸಿಲು ತಾಗ್ದೆ ಇರ್ಲಿ ಅಂತ. ಇಷ್ಟು ವರ್ಷ ಬಿಸಿಲು ತಿಂದು ತಿಂದು ಅದೇ ಹಳದಿ ಆಗಿರೋದು. ತೆಗೆದು ಹಾಗೇ ಬಿಟ್ರೆ ಆರು ತಿಂಗಳಿಗೆ ಮತ್ತೆ ಇದೇ ಗತಿ. ಹೊಸ ಪೊರೆ ಹಾಕ್ಬೇಕು.”

ಬೀಗದೋರು ಆ ಮಾತನ್ನೇ ನಾಲಿಗೆಯ ಮೇಲೆ ಹೊರಳಿಸಿದರು. ಕಣ್ಣಿಗೆ ಬಂದರೂ ಪೊರೆ, ಹಾವು ಕಳಚಿದರೂ ಪೊರೆ. ಹಳಬರ ಮಾತಿನಲ್ಲಿ ಪೊರೆ ಎಂದರೆ ಕಾಪಾಡು ಎಂದೂ ಆಗುತ್ತದೆ. ಎದುರಿಗೆ ಬಾಗಿ ಕೂತ ಮಗಳ ಕತ್ತಿನ ಮೇಲೆ ಬೆವರಿಗೆ ಕೂದಲು ಅಂಟಿತ್ತು. ಇವಳನ್ನು ಬಿಸಿಲು ತಾಗದಂತೆ ಪೊರೆದವನು ನಾನು, ಈಗ ನಾನೇ ಹಳದಿಗಟ್ಟಿ ಇವಳ ಬೆಳಕಿಗೆ ಅಡ್ಡವಾಗುತ್ತೇನೋ ಎಂದು ಅವರಿಗೆ ದಿಗಿಲಾಯಿತು. ದಿಗಿಲನ್ನು ಬಚ್ಚಿಡದೆ ಹೇಳಿದರು. ಆ ತಾಯಿ ಬೇಡ ಅಂದುಬಿಟ್ಟರೆ ಎಂದು ಕೇಳಿದರು.

“ಅವ್ರು ಕಾರು ನೋಡೋಕೆ ಬರ್ತಿಲ್ಲಪ್ಪ,” ಎಂದಳು ಮಗಳು. ಅವಳ ಕೈ ಮಾತ್ರ ಒಂದು ಗಳಿಗೆ ನಿಂತಿತ್ತು. ಅವಳಿಗೂ ಹೆದರಿಕೆಯಿದೆ ಎಂದು ಬೀಗದೋರಿಗೆ ಗೊತ್ತಾದದ್ದು ಅದರಿಂದ.

ಸಂಜೆಯ ಹೊತ್ತಿಗೆ ಪಾಲಿಶು ಮುಗಿಸಿ, ತಿಳಿ ವಾರ್ನಿಶಿನಂಥದ್ದನ್ನು ಒಂದೇ ದಿಕ್ಕಿಗೆ ಎಳೆದು ಬಳಿದಾಗ ಲೈಟುಗಳು ನೀರಿನಂತೆ ತಿಳಿಯಾಗಿದ್ದವು. ಒಳಗಿನ ಬಲ್ಬು, ಅದರ ಸುತ್ತಲಿನ ಕನ್ನಡಿ, ಎಲ್ಲ ಕಾಣುತ್ತಿದ್ದವು. ಬಂಪರಿನ ಬೂದಿಗೆ ಏನು ಮಾಡೋಣ ಎಂದು ಬೀಗದೋರು ಕೇಳಿದರು. ಅದಕ್ಕೆಂದೇ ಬರುವ ಕಪ್ಪು ಬಣ್ಣವಿದೆ, ಸೋಪು ಹಾಕಿ ತೊಳೆದು, ಪೂರ್ತಿ ಒಣಗಿಸಿ, ಹಚ್ಚಿ, ಒಂದು ದಿನ ಮುಟ್ಟದೆ ಬಿಡಬೇಕು, ನಾಳೆಗೆ ಆಗುವ ಕೆಲಸವಲ್ಲ, ಹಾಗೇ ಇರಲಿ ಬಿಡಿ ಎಂದಳು ಮಗಳು. ಬೂದಿ ಬಣ್ಣವಿದ್ದರೆ ನಮ್ಮ ಗಂಟೇನು ಹೋಗುತ್ತದೆ ಎಂದೂ ಸೇರಿಸಿದಳು.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಗಂಟು ಹೋಗುವ ಹಾಗೇ ಇತ್ತು. ಕಣ್ಣೆರಡು ಹೊಳೆಯತೊಡಗಿದ ಮೇಲೆ ಮಿಕ್ಕ ಮುಖದ ಬಡತನ ಎದ್ದು ಕಾಣುತ್ತಿತ್ತು. ಮೊದಲಾದರೆ ಇಡೀ ಕಾರು ಒಟ್ಟಿಗೆ ಮುದಿಯಾಗಿತ್ತು, ಅದರಲ್ಲೊಂದು ಮರ್ಯಾದೆಯಿತ್ತು. ಈಗ ಅದೂ ಇಲ್ಲ.

ಗಡ್ಡಕ್ಕೆ ಬೆಂಕಿ ಹತ್ತಿದಾಗ ಬಾವಿ ತೋಡಲು ಹೊರಡುವವರು ಕೈಗೆ ಸಿಕ್ಕ ಗುದ್ದಲಿ ಹಿಡಿಯುತ್ತಾರೆ. ಬೀಗದೋರ ಕೈಗೆ ಸಿಕ್ಕಿದ್ದು ಬೂಟ್ ಪಾಲಿಶಿನ ಡಬ್ಬಿ. ಇದರಲ್ಲಿ ಅವರ ಕಸುಬಿನ ಪಾಲೂ ಇತ್ತು. ತುಕ್ಕು ಹಿಡಿದ ಹಳೇ ಕಬ್ಬಿಣದ ಬೀಗ ರಿಪೇರಿಗೆ ಬಂದರೆ ಅವರು ತುಕ್ಕು ತೆಗೆದು, ಒಲೆಯ ಮೇಲೆ ಸ್ವಲ್ಪ ಬಿಸಿ ಮಾಡಿ, ಕಪ್ಪು ಬೂಟ್ ಪಾಲಿಶು ತಿಕ್ಕುತ್ತಿದ್ದರು. ಬಿಸಿ ಕಬ್ಬಿಣ ಪಾಲಿಶನ್ನು ಕುಡಿಯುತ್ತದೆ. ಆರಿದ ಮೇಲೆ ವರ್ಷಗಟ್ಟಲೆ ಕೈಗೆ ಹತ್ತುವುದಿಲ್ಲ. ಕಬ್ಬಿಣಕ್ಕೆ ಆದದ್ದು ಪ್ಲಾಸ್ಟಿಕ್ಕಿಗೂ ಆದೀತು ಎಂದು ಲೆಕ್ಕ ಹಾಕಿ, ಮಗಳ ಕೂದಲು ಒಣಗಿಸುವ ಯಂತ್ರವನ್ನು ಸದ್ದಿಲ್ಲದೆ ಕೆಳಗೆ ತಂದು ಬಂಪರಿಗೆ ಬಿಸಿಗಾಳಿ ಹಿಡಿದರು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಕಾರಿಗೆ ತಲೆಸ್ನಾನ ಆಯಿತೇ ಎಂದು ಎದುರಂಗಡಿಯವನು ಕೇಳಿದ.

ಪಾಲಿಶು ಹಚ್ಚಿ ತಿಕ್ಕಿದಾಗ ಮಾತ್ರ ಅವನ ಬಾಯಿ ಮುಚ್ಚಿತು. ಬಂಪರು, ಪಟ್ಟಿ, ಕನ್ನಡಿಯ ಬೆನ್ನು ಎಲ್ಲ ಕಾಡಿಗೆಯಂತೆ ಕಪ್ಪಗೆ ಮಿಂಚಿದವು. ಬೀಗದೋರು ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಹೊಸದರ ಹಾಗೇ ಎಂದು ತಮಗೆ ತಾವೇ ಹೇಳಿಕೊಂಡರು. ಮಗಳು ಮೇಲೆ ಅಡುಗೆಯಲ್ಲಿದ್ದಳು. ರೈಲಿನ ಹೊತ್ತಾಗಿತ್ತು.

ಸ್ಟೇಷನ್ನಿನ ಹೊರಗೆ ಲಾಂಡ್ರಿಯಮ್ಮ ನಿಂತ ರೀತಿ ನೋಡಿಯೇ ಬೀಗದೋರಿಗೆ ಆಕೆ ಯಾರೆಂದು ತಿಳಿಯಿತು. ನೆಟ್ಟಗಿನ ಬೆನ್ನು, ಕೈಯಲ್ಲೊಂದು ಚೀಲ, ಮೈಮೇಲೆ ಕೆನೆ ಬಣ್ಣದ ಉದ್ದನೆಯ ಕೋಟು. ಅಂಥ ಕೋಟನ್ನು ಬೀಗದೋರು ಹತ್ತಿರದಿಂದ ನೋಡಿದ್ದೇ ಇಲ್ಲ. ಒಂದು ಸುಕ್ಕಿಲ್ಲ, ಒಂದು ನೂಲು ಎದ್ದಿಲ್ಲ. ಕಾರಿಗೆ ಕಪ್ಪು ಹಚ್ಚದೆ ಬಂದಿದ್ದರೆ ಏನು ಗತಿಯಾಗುತ್ತಿತ್ತು ಎಂದು ಮನಸ್ಸಿನಲ್ಲೇ ಬೂಟ್ ಪಾಲಿಶಿಗೆ ಕೈಮುಗಿದರು. ಲಾಂಡ್ರಿಯಮ್ಮ ಕಾರನ್ನು ಮುಂದಿನಿಂದ ಹಿಂದಿನವರೆಗೆ ಒಮ್ಮೆ ನೋಡಿ, ಲೈಟುಗಳು ಎಷ್ಟು ತಿಳಿಯಾಗಿವೆ ಎಂದರು. ಅದನ್ನು ಉಜ್ಜಿದ್ದು ನನ್ನ ಮಗಳು ಎಂದು ಬೀಗದೋರು ಎದೆಯುಬ್ಬಿಸಿ ಹೇಳಿದರು.

ಆಗುವುದೆಲ್ಲ ಆಮೇಲಿನ ಅರೆಗಳಿಗೆಯಲ್ಲಿ ಆಗಿಹೋಯಿತು. ಬೀಗದೋರು ಡಿಕ್ಕಿ ತೆಗೆದು ಚೀಲ ಇಡುತ್ತಿದ್ದರು. ಸಾಮಾನಿನ ಗಾಡಿ ತಳ್ಳಿಕೊಂಡು ಬಂದವನೊಬ್ಬ ದಾರಿ ಕೇಳಿದ. ಲಾಂಡ್ರಿಯಮ್ಮ ಹಿಂದಕ್ಕೆ ಸರಿದು, ಬಂಪರಿಗೆ ಒರಗಿ ನಿಂತು ಅವನಿಗೆ ದಾರಿ ಬಿಟ್ಟರು. ಗಾಡಿ ಹೋಯಿತು. ಆಕೆ ಮುಂದಿನ ಬಾಗಿಲ ಕಡೆಗೆ ನಡೆದರು. ಕೆನೆ ಬಣ್ಣದ ಕೋಟಿನ ಹಿಂಭಾಗದಲ್ಲಿ, ಮೊಣಕಾಲಿಗಿಂತ ಸ್ವಲ್ಪ ಮೇಲೆ, ಅಂಗೈಯಗಲದ ಕಪ್ಪು ಪಟ್ಟೆಯೊಂದು ಆಕೆಯ ಜೊತೆಗೇ ನಡೆಯಿತು.

ಕಬ್ಬಿಣ ಕುಡಿಯುತ್ತದೆ, ಪ್ಲಾಸ್ಟಿಕ್ಕು ಕುಡಿಯುವುದಿಲ್ಲ. ಇದು ತಿಳಿಯಲು ಬೀಗದೋರಿಗೆ ಅದೇ ಮುಹೂರ್ತ ಬೇಕಾಗಿತ್ತು.

ಊರಿನ ಯಾವ ಬೀಗ ಕೆಟ್ಟರೂ ತೆಗೆಯುವ ಮನುಷ್ಯನ ಬಾಯಿಗೆ ಬೀಗ ಬಿತ್ತು. ಕಾರು ಹೊರಟಿತು. ಲಾಂಡ್ರಿಯಮ್ಮ ರೈಲಿನ ವಿಷಯ ಹೇಳಿದರು, ಬೀಗದೋರು ಹೂಂ ಎಂದರು. ಮಗನ ವಿಷಯ ಹೇಳಿದರು, ಅದಕ್ಕೂ ಹೂಂ. ಪ್ರತಿ ಸಿಗ್ನಲ್ಲಿನಲ್ಲೂ, ಇಲ್ಲಿ ಹೇಳಿಬಿಡುತ್ತೇನೆ ಎಂದು ಉಸಿರು ಎಳೆದುಕೊಳ್ಳುತ್ತಿದ್ದರು. ಹಸಿರು ಬರುತ್ತಿತ್ತು. ಹಿಂದಿನವನು ಹಾರ್ನು ಹೊಡೆಯುತ್ತಿದ್ದ. ಎಲ್ಲೋ ಪಾಲಿಶಿನ ವಾಸನೆ ಬರುತ್ತಿದೆಯಲ್ಲ ಎಂದು ಆಕೆ ಅಂದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ತಮ್ಮ ಉಗುರುಗಳನ್ನು ನೋಡಿಕೊಂಡರು. ಉಗುರ ಸಂದಿಯೆಲ್ಲ ಕಪ್ಪು. ಸ್ಟೀರಿಂಗಿನ ಹಿಂದೆ ಬೆರಳು ಮಡಚಿದರು.

ಆಮೇಲೆ ಲಾಂಡ್ರಿಯಮ್ಮ ಸ್ಟೇಷನ್ನಿನ ಬೆಂಚುಗಳ ಮಾತೆತ್ತಿದರು. ಏನು ಗಲೀಜು, ಏನು ಜಿಡ್ಡು, ಕೂರಲು ಮನಸ್ಸಿಲ್ಲದಿದ್ದರೂ ಸ್ವಲ್ಪ ಹೊತ್ತು ಕೂತಿದ್ದೆ ಎಂದರು.

ಕಳ್ಳನಿಗೊಂದು ಪಿಳ್ಳೆ ನೆವ. ಬೀಗದೋರ ಮುಂದೆ ಬಾಗಿಲೊಂದು ತಾನಾಗಿಯೇ ತೆರೆದುಕೊಂಡಿತು. ಬೆಂಚು. ಮನೆಗೆ ಹೋದ ಮೇಲೆ ಮಗಳು ಪಟ್ಟೆ ನೋಡುತ್ತಾಳೆ, ಅಯ್ಯೋ ಬೆಂಚಿನಿಂದ ಆಗಿರಬೇಕು ಎಂದು ತಾವು ಹೇಳುವುದು, ಎಲ್ಲರೂ ಸೇರಿ ರೈಲಿನವರನ್ನು ಬೈಯುವುದು. ಇಷ್ಟು ಸುಲಭ. ಮನೆಯ ಬೀದಿ ತಿರುಗುವವರೆಗೂ ಅದೇ ಸರಿ ಎಂದು ತೀರ್ಮಾನಿಸಿದ್ದರು.

ಅಂಗಡಿಯ ಮುಂದೆ ಕಾರು ನಿಲ್ಲಿಸಿ ಮೇಲೆ ನೋಡಿದಾಗ ಮಗಳು ಕಿಟಕಿಯಲ್ಲಿ ನಿಂತು ಕೈ ಬೀಸುತ್ತಿದ್ದಳು. ಕೂದಲು ಹೇಗೋ ಒಣಗಿಸಿಕೊಂಡಿದ್ದಳು. ಬಂಪರಿನ ಬಣ್ಣ ನೋಡಿದ ತಕ್ಷಣ ಅವಳಿಗೆ ಎಲ್ಲ ಗೊತ್ತಾಗುತ್ತದೆ ಎಂದು ಬೀಗದೋರಿಗೆ ಹೊಳೆಯಿತು. ಗೊತ್ತಾದರೂ ಅಪ್ಪನನ್ನು ಬಿಟ್ಟುಕೊಡುವವಳಲ್ಲ. ಹೌದು ಬೆಂಚೇ ಇರಬೇಕು ಎಂದು ಅವಳೂ ಹೇಳುತ್ತಾಳೆ. ಅತ್ತೆಯಾಗುವವರಿಗೆ ಅವಳು ಆಡುವ ಮೊದಲ ಮಾತೇ ಅಪ್ಪನಿಗಾಗಿ ಆಡಿದ ಸುಳ್ಳಾಗುತ್ತದೆ. ಆ ಮನೆಗೆ ಅವಳು ಅದನ್ನು ಹೊತ್ತುಕೊಂಡು ಹೋಗಬೇಕು. ಅದನ್ನು ಅವರಿಂದ ಸಹಿಸಲಾಗಲಿಲ್ಲ. ಒಪ್ಪಿಗೆ ಹೋದರೆ ಹೋಗಲಿ ಎಂದುಕೊಂಡರು.

“ಒಂದು ನಿಮಿಷ,” ಎಂದರು, ಮೆಟ್ಟಿಲ ಕಡೆಗೆ ಹೊರಟಿದ್ದ ಲಾಂಡ್ರಿಯಮ್ಮನಿಗೆ. “ನಿಮ್ಮ ಕೋಟಿಗೆ ಹಿಂದೆ ಕಪ್ಪು ಹತ್ತಿದೆ. ಬೆಂಚಿಂದಲ್ಲ. ನನ್ನ ಕಾರಿಂದ. ಬಂಪರಿಗೆ ಬೂಟ್ ಪಾಲಿಶು ಹಚ್ಚಿದ್ದೆ. ಸ್ಟೇಷನ್ನಲ್ಲೇ ನೋಡಿದೆ, ಹೇಳೋಕೆ ಬಾಯಿ ಬರಲಿಲ್ಲ. ಈ ಕಾರು ಹೊಸದರ ಹಾಗಿಲ್ಲ. ಬೂದಿ ಬಣ್ಣದ್ದು.”

ಬಣ್ಣ ಬಯಲಾಗುವುದು ಎಂದರೆ ಇದೇ. ಲಾಂಡ್ರಿಯಮ್ಮ ಕೋಟನ್ನು ಸರ್ರನೆ ಬಿಚ್ಚಿ, ಹಿಂಭಾಗ ಮುಂದೆ ತಂದು ನೋಡಿದರು. ಅಂಗಡಿಯ ಮೆಟ್ಟಿಲ ಮೇಲೆ ಹಾಗೇ ಕುಸಿದು ಕೂತರು. ಒಳಗೆ ಹಾಕಿದ್ದ ಆಕೆಯ ಸ್ವೆಟರಿನ ಮೊಣಕೈಗೆ ತೇಪೆಯಿತ್ತು. ಅಚ್ಚುಕಟ್ಟಾದ, ಒಂದೊಂದು ಹೊಲಿಗೆಯೂ ಎಣಿಸಿ ಹಾಕಿದಂಥ ತೇಪೆ. ಅಷ್ಟರಲ್ಲಿ ಮಗಳು ಕೆಳಗಿಳಿದು ಬಂದಳು. ಬಂಪರು ನೋಡಿದಳು, ಕೋಟು ನೋಡಿದಳು, ಅಪ್ಪನನ್ನು ನೋಡಿದಳು. ಬೀಗದೋರು ತಲೆ ತಗ್ಗಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅವರ ಮನಸ್ಸು ಆಗಲೇ ಅಳತೊಡಗಿತ್ತು.

“ಇದು ನನ್ನ ಕೋಟಲ್ಲ,” ಎಂದರು ಲಾಂಡ್ರಿಯಮ್ಮ.

ಅಪ್ಪ ಮಗಳಿಬ್ಬರಿಗೂ ಅರ್ಥವಾಗಲಿಲ್ಲ.

“ಗಿರಾಕಿದು. ಒಗೆಯೋಕೆ ಕೊಟ್ಟಿದ್ದು. ಮಂಗಳವಾರ ತಗೊಂಡು ಹೋಗ್ತಾರೆ.” ಆಕೆ ಕೋಟನ್ನು ಮಡಿಲಲ್ಲಿ ಹರಡಿಕೊಂಡು ಅದಕ್ಕೇ ಹೇಳುವ ಹಾಗೆ ಹೇಳಿದರು. “ಅಂಗಡಿ ಶುರು ಮಾಡಿದಾಗಿಂದ ಒಂದು ದಿನ ಒಬ್ಬರ ಕರ್ಚೀಫೂ ನಾನು ಮೈಗೆ ಸೋಕಿಸಿದವಳಲ್ಲ. ನೀವು ಫೋನಲ್ಲಿ ಅಂದ್ರಲ್ಲ, ಕಾರು ಹೊಸದರ ಹಾಗೇ ಇಟ್ಟಿದೀನಿ ಅಂತ. ಅವತ್ತಿಂದ ನಿದ್ದೆ ಇಲ್ಲ. ಅಂಥ ಕಾರಲ್ಲಿ ಈ ತೇಪೆ ಸ್ವೆಟರು ಹಾಕ್ಕೊಂಡು ಹೇಗೆ ಕೂರೋದು, ನನ್ನ ಮಗನ್ನ ಏನಂದ್ಕೋತಾರೆ ಅಂತ.”

ಬೀಗದೋರು ಆ ಫೋನಿನ ಮಾತನ್ನು ನೆನೆದರು. ತಮ್ಮ ಬಾಯಿಂದ ಜಾರಿದ ಒಂದು ಮಾತು ಅಷ್ಟು ದೂರ ಹೋಗಿ, ಒಬ್ಬ ಹೆಂಗಸಿನ ನಿದ್ದೆ ಕೆಡಿಸಿ, ಆಕೆಯ ಮೈಗೆ ಯಾರದೋ ಕೋಟು ಹಾಕಿಸಿತ್ತು. ಅದಕ್ಕೆ ಮಸಿ ಬಳಿದವರೂ ತಾವೇ. ಮೊದಲು ನಕ್ಕವಳು ಮಗಳು. ಬಾಯಿಗೆ ಕೈ ಅಡ್ಡ ಹಿಡಿದರೂ ನಗು ನಿಲ್ಲಲಿಲ್ಲ. ಲಾಂಡ್ರಿಯಮ್ಮ ಅವಳನ್ನು ದುರುಗುಟ್ಟಿ ನೋಡಿದರು. ನೋಡುತ್ತ ನೋಡುತ್ತ ಆಕೆಯ ತುಟಿಯೂ ಸಡಿಲವಾಯಿತು, ಹೆಗಲು ಅಲುಗಿತು, ಕೊನೆಗೆ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಬೀಗದೋರು ಮಾತ್ರ ನಗಬಹುದೋ ಬಾರದೋ ತಿಳಿಯದೆ ಡಿಕ್ಕಿಯ ಬೀಗ ಸರಿಯಿದೆಯೇ ಎಂದು ನೋಡುತ್ತ ನಿಂತರು.

ನಗು ಮುಗಿದ ಮೇಲೆ ಲಾಂಡ್ರಿಯಮ್ಮ ಎದ್ದರು. ಈಗ ಎದ್ದದ್ದು ಬೀಗಿತ್ತಿಯಾಗಲು ಬಂದ ಹೆಂಗಸಲ್ಲ, ಅಂಗಡಿಯ ಯಜಮಾನಿ. ಕಲೆ ತೆಗೆಯಲು ಏನೇನು ಇದೆ ಎಂದು ಕೇಳಿದರು. ಬೀಗದ ಹೊಟ್ಟೆಯೊಳಗಿನ ಜಿಡ್ಡು ತೊಳೆಯುವ ಸ್ಪಿರಿಟ್ಟು ಬೀಗದೋರ ಹತ್ತಿರವಿತ್ತು. ಕನ್ನಡಕ ಒರೆಸುವ ಮೆತ್ತನೆಯ ಬಿಳಿ ಬಟ್ಟೆಗಳು ಮಗಳ ಹತ್ತಿರವಿದ್ದವು. ಅಡುಗೆಮನೆಯ ಮೇಜಿನ ಮೇಲಿನ ತಟ್ಟೆಗಳನ್ನೆಲ್ಲ ಪಕ್ಕಕ್ಕಿಟ್ಟು ಕೋಟನ್ನು ಬೋರಲು ಮಲಗಿಸಿದರು. ಚಮಚದ ಅಂಚಿನಿಂದ ಮೇಲಿನ ಮೇಣವನ್ನು ಕೆರೆದು ತೆಗೆದರು. ಕಲೆಯ ಕೆಳಗೆ ಒಂದು ಬಿಳಿ ಬಟ್ಟೆ ಹಾಸಿ, ಸ್ಪಿರಿಟ್ಟಿನಲ್ಲಿ ಅದ್ದಿದ ಇನ್ನೊಂದನ್ನು ಬೀಗದೋರ ಕೈಗೆ ಕೊಟ್ಟರು. ಅವರು ಹೆಡ್‌ಲೈಟಿನ ಉತ್ಸಾಹದಲ್ಲಿ ಗರಗರ ಉಜ್ಜಲು ಹೊರಟಾಗ ಆಕೆ ಮಣಿಕಟ್ಟು ಹಿಡಿದು ನಿಲ್ಲಿಸಿದರು. ಉಜ್ಜಿದರೆ ಕಲೆ ಒಳಗೆ ಹೋಗುತ್ತದೆ, ಒತ್ತಿ ಎತ್ತಬೇಕು ಎಂದರು.

ಮೂವರೂ ಸರದಿಯ ಮೇಲೆ ಒತ್ತಿದರು, ಎತ್ತಿದರು. ಕೆಳಗಿನ ಬಟ್ಟೆ ಕಪ್ಪಾದಂತೆ ಕೋಟು ತಿಳಿಯಾಗುತ್ತ ಬಂತು. ಮಾಡಿಟ್ಟ ಅಡುಗೆ ಆರಿತು. ಯಾರಿಗೂ ಅದರ ಕಡೆ ಗಮನವಿರಲಿಲ್ಲ. ಕೆಲಸದ ನಡುವೆ ಲಾಂಡ್ರಿಯಮ್ಮ ಹುಡುಗಿಯ ಕೈಯನ್ನೇ ನೋಡುತ್ತಿದ್ದುದನ್ನು ಬೀಗದೋರು ಗಮನಿಸಿದರು. ಅವಸರವಿಲ್ಲದ ಕೈ ಎಂದು ಆಕೆ ಒಮ್ಮೆ ಮೆಲ್ಲಗೆ ಅಂದ ಹಾಗಾಯಿತು. ಅದು ಹೊಗಳಿಕೆಯೋ, ಅಲ್ಲವೋ, ಕೇಳುವ ಧೈರ್ಯ ಅವರಿಗಿರಲಿಲ್ಲ.

“ಹೊಸ ಬಟ್ಟೆ ಯಾವುದೇ ಬರ್ಲಿ, ನಾನು ಮೊದಲು ಒದ್ದೆ ಬಿಳಿ ಬಟ್ಟೆ ಒತ್ತಿ ನೋಡ್ತೀನಿ,” ಎಂದರು ಆಕೆ, ಸೋಪಿನ ನೀರು ಕಲಸುತ್ತ. “ಬಣ್ಣ ಬಿಡೋ ಬಟ್ಟೆ ಅಂದ್ರೆ ಕೆಟ್ಟದ್ದು ಅಂತಲ್ಲ. ಬಿಡುತ್ತೆ ಅಂತ ಗೊತ್ತಿದ್ರೆ ಬೇರೆ ಒಗೀತೀನಿ, ಅಷ್ಟೇ. ಗೊತ್ತಿಲ್ಲದೆ ಎಲ್ಲದರ ಜೊತೆ ಹಾಕಿದ್ರೆ ಮಿಕ್ಕಿದ್ದೂ ಹಾಳು.” ಅಷ್ಟು ಹೇಳಿ, ಹಸಿವಾಗುತ್ತಿದೆ, ಇದು ಒಣಗುವವರೆಗೆ ಊಟ ಮಾಡೋಣ ಎಂದರು.

ಊಟವಾಗಿ, ಹೊತ್ತಿಳಿಯುವ ವೇಳೆಗೆ ಕೋಟು ಒಣಗಿತ್ತು. ಕಲೆ ಹೋಗಿದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ಕೋಣೆಯ ದೀಪದ ಬೆಳಕು ಹಳದಿ, ಕೆನೆ ಬಣ್ಣದ ಮೇಲೆ ಏನೂ ತಿಳಿಯುತ್ತಿರಲಿಲ್ಲ. ಬಿಳಿ ಬೆಳಕು ಬೇಕಿತ್ತು ಎಂದು ಲಾಂಡ್ರಿಯಮ್ಮ ಕಿಟಕಿಯತ್ತ ನೋಡಿದರು. ಹೊರಗೆ ಆಗಲೇ ಮಸುಕು. ಮಗಳು ಗೋಡೆಯ ಮೊಳೆಯಿಂದ ಕಾರಿನ ಬೀಗದಕೈ ತೆಗೆದುಕೊಂಡು ಕೆಳಗೆ ಓಡಿದಳು.

ಹೆಡ್‌ಲೈಟು ಹತ್ತಿದಾಗ ಇಡೀ ಬೀದಿಗೆ ಗೊತ್ತಾಯಿತು. ಇಷ್ಟು ವರ್ಷ ಸೋಸಿ ಸೋಸಿ ಬರುತ್ತಿದ್ದ ಬೆಳಕು ಈಗ ತಡೆಯಿಲ್ಲದೆ ಎದುರಿನ ಗೋಡೆಯವರೆಗೆ ಹೋಗಿ ನಿಂತಿತ್ತು. ಲಾಂಡ್ರಿಯಮ್ಮ ಕೋಟನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಬೀಗದೋರು ಒಂದು ಬದಿಗೆ, ಮಗಳು ಇನ್ನೊಂದು ಬದಿಗೆ ಬಾಗಿ ನೋಡಿದರು. ಪಟ್ಟೆಯಿರಲಿಲ್ಲ. ಹೊಲಿಗೆಯ ಗೆರೆಯ ಹತ್ತಿರ ಮಾತ್ರ, ಹುಡುಕಿದರೆ ಕಾಣುವಂಥ ಒಂದು ನಸುಗಪ್ಪು ನೆರಳು ಉಳಿದಿತ್ತು. ಯಾರಿಗೂ ಕಾಣಿಸುವುದಿಲ್ಲ ಎಂದರು ಬೀಗದೋರು, ಸಮಾಧಾನಕ್ಕೆ.

“ನನಗೆ ಕಾಣಿಸ್ತಲ್ಲ,” ಎಂದರು ಲಾಂಡ್ರಿಯಮ್ಮ. “ಮಂಗಳವಾರ ಅವ್ರು ಬಂದಾಗ ಹೇಳ್ತೀನಿ. ಹಾಕ್ಕೊಂಡಿದ್ದೆ ಅಂತಾನೂ ಹೇಳ್ತೀನಿ. ಬೈದ್ರೆ ಬೈಸ್ಕೋತೀನಿ.” ಕೋಟನ್ನು ಮಡಿಸಿ ಚೀಲಕ್ಕೆ ಹಾಕಿ, ತೇಪೆಯ ಸ್ವೆಟರಿನಲ್ಲೇ ಹೊರಡಲು ನಿಂತರು.

ರೈಲಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಬೀಗದೋರು ಬಕೆಟ್ಟಿನಲ್ಲಿ ಸೋಪಿನ ನೀರು ತಂದು ಬಂಪರುಗಳನ್ನೂ ಪಟ್ಟಿಗಳನ್ನೂ ತೊಳೆದರು. ಕಪ್ಪು ನೀರು ಮೋರಿಗೆ ಹೋಯಿತು, ಬೂದಿ ಬಣ್ಣ ವಾಪಸ್ಸು ಬಂತು. ಅದರ ಮೇಲೆ ಮಗು ಬರೆದಿದ್ದ ಬೆಕ್ಕು ಬೆಳಿಗ್ಗೆಯೇ ಅಳಿಸಿಹೋಗಿತ್ತು ಎಂಬುದೊಂದೇ ಅವರಿಗೆ ಬೇಸರ. ಲಾಂಡ್ರಿಯಮ್ಮ ಕಾರು ಹತ್ತುವ ಮುಂಚೆ ಒಂದು ಬಿಳಿ ಬಟ್ಟೆಯನ್ನು ಒದ್ದೆ ಮಾಡಿಕೊಂಡು, ಹಿಂದಿನ ಬಂಪರಿಗೆ ಒತ್ತಿ, ತಿರುಗಿಸಿ ನೋಡಿದರು. ಬಟ್ಟೆ ಬೆಳ್ಳಗೇ ಇತ್ತು. ಅದನ್ನು ಮಡಿಸಿ ಮಗಳ ಕೈಗಿಟ್ಟು, ಅವಳ ಕೆನ್ನೆ ಒಮ್ಮೆ ಸವರಿ ಕಾರು ಹತ್ತಿದರು.

ಕಾರು ಮತ್ತೆ ಸ್ಟೇಷನ್ನಿನ ದಾರಿ ಹಿಡಿಯಿತು. ಬೀಗದೋರಿಗೆ ಕೇಳಬೇಕಾದದ್ದು ಒಂದೇ ಮಾತು. ಅದನ್ನು ಕೇಳಿಬಿಟ್ಟರೆ ಉತ್ತರವೂ ಬಂದುಬಿಡುತ್ತದೆ ಎಂಬ ಹೆದರಿಕೆಯಲ್ಲಿ ಸುಮ್ಮನೆ ಓಡಿಸಿದರು. ಲಾಂಡ್ರಿಯಮ್ಮ ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು. ಎಷ್ಟು ದೂರದವರೆಗೆ ಕಾಣುತ್ತದೆ ಎಂದು ಒಮ್ಮೆ ಅಂದರು, ಅಷ್ಟೇ. ಸ್ಟೇಷನ್ನಿನ ಮುಂದೆ ಇಳಿದು ಚೀಲ ತೆಗೆದುಕೊಂಡು ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತರು. ಅದೇ ಹೊತ್ತಿಗೆ ಒಳಗೆ ರೈಲು ಬಂದ ಸದ್ದಾಯಿತು. ಆಕೆ ಒಂದು ಮಾತು ಹೇಳಿ, ಉತ್ತರಕ್ಕೆ ಕಾಯದೆ ಸರಸರನೆ ಒಳಗೆ ಹೋದರು.

ಬೀಗದೋರು ಬಹಳ ಹೊತ್ತು ಅಲ್ಲೇ ನಿಂತಿದ್ದರು. ರೈಲಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಮೊದಲು ಅನುಮಾನಪಟ್ಟರು. ಆಮೇಲೆ ಆಕೆ ಒಂದೊಂದೇ ಅಕ್ಷರ ಮಡಿಸಿಟ್ಟ ಹಾಗೆ ಮಾತಾಡುವವರು ಎಂಬುದು ನೆನಪಾಯಿತು. ಕಣ್ಣು ಮಂಜಾಯಿತು. ಕಪ್ಪು ಉಗುರಿನ ಬೆರಳಲ್ಲೇ ಒರೆಸಿಕೊಂಡರು.

ಮನೆಗೆ ಬಂದಾಗ ಮಗಳು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಆ ಬಿಳಿ ಬಟ್ಟೆ ಇನ್ನೂ ಅವಳ ಕೈಯಲ್ಲಿತ್ತು. ಅಪ್ಪ ಕಾರಿನ ದೀಪ ಆರಿಸಿ, ಬಾಗಿಲು ಹಾಕಿ, ಬೀಗ ತಿರುಗಿಸುವವರೆಗೂ ತಡೆದುಕೊಂಡಳು.

“ಏನಂದ್ರಪ್ಪ?” ಎಂದಳು ಆಮೇಲೆ.

“ಹೆಚ್ಚೇನೂ ಅನ್ಲಿಲ್ಲ,” ಎಂದರು ಬೀಗದೋರು. “ಬರ್ತೀನಿ ಅಂದ್ರು. ನನ್ನ ಹೆಸರಲ್ಲಿ ಒಂದಕ್ಷರ ಬಿಟ್ಟು ಕರೆದ್ರು.”